ಎಲ್ಕ್ ತೊಗಲಿಗೆ ಮೂರೂವರೆ ಇಂಚಿನ ಅಲಗು

ಅಮೆರಿಕದ ಕೊಲರಾಡೊ, ಮೊಂಟಾನಾ, ವಯೋಮಿಂಗ್ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಮುಂಚೆ ಪರವಾನಗಿ ಪಡೆದವರು ಎಲ್ಕ್ ಬೇಟೆಗೆ ಹೊರಡುತ್ತಾರೆ. ಎಲ್ಕ್ ನಮ್ಮ ಕಡವೆಯ ನೆಂಟ; ಬೆಳೆದ ಗಂಡು 300 ಕಿಲೋ ಮುಟ್ಟುವುದು ಸಾಮಾನ್ಯ. ಪ್ರಾಣಿ ನೆಲಕ್ಕೆ ಬಿದ್ದ ಮೇಲೆ ತಡಮಾಡುವಂತಿಲ್ಲ. ಮೈಯೊಳಗಿನ ಬಿಸಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದಪ್ಪ ತೊಗಲು, ಒತ್ತಾದ ಕೂದಲು ಸೇರಿ ಕಂಬಳಿ ಹೊದಿಸಿದಂತೆ ಅದನ್ನು ಹಿಡಿದಿಡುತ್ತವೆ. ಹಿಂದೊಡೆಯ ಮೂಳೆಯ ಸುತ್ತಲಿನ ಮಾಂಸ ಎಲ್ಲಕ್ಕಿಂತ ಕೊನೆಗೆ ತಣಿಯುವುದರಿಂದ ಹಳಸುವುದೂ ಅಲ್ಲಿಂದಲೇ. ತೊಗಲು ಬೇಗ ಕಳಚಬೇಕೆಂದರೆ ಚಾಕು ಸರಿಯಿರಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂಥ ಬೇಟೆ ಅಪರಾಧ. ಆದರೆ ಅಲಗು ಹೇಗೆ ಕತ್ತರಿಸುತ್ತದೆ, ಯಾಕೆ ಮೊಂಡಾಗುತ್ತದೆ ಎಂಬುದು ಅಡುಗೆಮನೆಯ ಚಾಕುವಿಗೂ ಅನ್ವಯಿಸುವ ವಿಜ್ಞಾನ.

ಈ ಕೆಲಸದಲ್ಲಿ ಅಲಗಿನ ದೊಡ್ಡ ಶತ್ರು ಮಣ್ಣು. ಬೆದೆಯ ಕಾಲದಲ್ಲಿ ಗಂಡು ಎಲ್ಕ್ ಕೆಸರಿನಲ್ಲಿ ಹೊರಳಾಡುತ್ತದೆ. ಕೆಸರು ಒಣಗಿ ಮರಳಿನ ಕಣಗಳು ಕೂದಲ ಬುಡದಲ್ಲಿ ಕೂರುತ್ತವೆ. ಮರಳೆಂದರೆ ಬಹುಪಾಲು ಕ್ವಾರ್ಟ್ಜ್. ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ 1,000ಕ್ಕಿಂತ ಹೆಚ್ಚು. ಚೆನ್ನಾಗಿ ಹದಗೊಂಡ ಚಾಕುವಿನ ಉಕ್ಕಿನದು ಸುಮಾರು 700. ಹೊರಗಿನಿಂದ ಕೂದಲ ಮೇಲೆ ಚಾಕು ಎಳೆಯುವುದೆಂದರೆ ಹರಿತವಾದ ಬಾಯನ್ನು ಉಪ್ಪುಕಾಗದಕ್ಕೆ ಉಜ್ಜಿದಂತೆ. ಹತ್ತಾರು ಎಳೆತಕ್ಕೇ ಬಾಯಿ ಸವೆಯುತ್ತದೆ, ಮೇಲಾಗಿ ತುಂಡಾದ ಕೂದಲು ಮಾಂಸಕ್ಕೆ ಅಂಟುತ್ತದೆ.

ಆದ್ದರಿಂದ ತೊಗಲನ್ನು ಒಳಗಿನಿಂದ ಹೊರಕ್ಕೆ ಸೀಳಬೇಕು. ಒಂದು ಇಂಚಿನ ಸಣ್ಣ ಸೀಳು ಮಾಡಿ, ಎರಡು ಬೆರಳು ಒಳಗೆ ತೂರಿಸಿ ತೊಗಲನ್ನು ಮೇಲೆತ್ತಿ. ಅಲಗಿನ ಬೆನ್ನು ಮಾಂಸದ ಕಡೆ, ಬಾಯಿ ಆಕಾಶದ ಕಡೆ. ಹಾಗೇ ಮುಂದಕ್ಕೆ ತಳ್ಳಿದರೆ ಅಲಗು ಕೂದಲುಗಳ ನಡುವೆ ಹಾದು ಹೊರಬರುತ್ತದೆ. ಹಿಂಗಾಲುಗಳ ಒಳಭಾಗದ ಸೀಳು, ಹೊಟ್ಟೆಯ ಉದ್ದದ ಸೀಳು, ಎಲ್ಲವೂ ಹೀಗೆಯೇ. ಆಮೇಲಿನ ಕೆಲಸ ಬಹುಪಾಲು ಕೈಯದು: ಎಡಗೈಯಲ್ಲಿ ತೊಗಲನ್ನು ಬಿಗಿಯಾಗಿ ಎಳೆದು, ಬಲ ಮುಷ್ಟಿಯಿಂದ ನಡುವೆ ಒತ್ತುತ್ತಾ ಹೋದರೆ ಬಿಸಿಯಿರುವಾಗ ಅದು ತಾನೇ ಬಿಡುತ್ತದೆ. ಬಿಡದ ಕಡೆ ಮಾತ್ರ ಬಿಳಿ ಪೊರೆಯ ಮೇಲೆ ಅಲಗನ್ನು ಮೆಲ್ಲಗೆ ಸವರಬೇಕು, ಬಾಯಿಯನ್ನು ಕೊಂಚ ತೊಗಲಿನ ಕಡೆ ಓರೆ ಹಿಡಿದು. ಮಾಂಸದ ಕಡೆ ತಿರುಗಿದರೆ ಒಳ್ಳೆಯ ಮಾಂಸ ತೊಗಲಿನ ಜೊತೆ ಹೋಗುತ್ತದೆ. ತೊಗಲಿನ ಕಡೆ ಅತಿಯಾಗಿ ವಾಲಿದರೆ ತೂತು ಬೀಳುತ್ತದೆ. ತಣ್ಣಗಾಗಲು ಬಿಟ್ಟರೆ ಕೊಬ್ಬು ಗಟ್ಟಿಯಾಗಿ, ಇದೇ ಕೆಲಸಕ್ಕೆ ಅಂಗುಲ ಅಂಗುಲಕ್ಕೂ ಚಾಕು ಬೇಕಾಗುತ್ತದೆ.

ಚಾಕುವಿನ ಆಕಾರವನ್ನು ನಿರ್ಧರಿಸುವುದು ಈ ಸವರುವಿಕೆ. ಬಾಯಿ ಹೊಟ್ಟೆಯಂತೆ ಬಾಗಿರಬೇಕು. ಬಾಗಿದ ಬಾಯಿಯ ಚಿಕ್ಕ ಭಾಗ ಮಾತ್ರ ಒಂದು ಹೊತ್ತಿಗೆ ಪೊರೆಯನ್ನು ಮುಟ್ಟುವುದರಿಂದ ಕಡಿಮೆ ಬಲ ಸಾಕು. ಮೊನೆ ಬೆನ್ನಿನ ಮಟ್ಟಕ್ಕಿಂತ ಕೆಳಗಿಳಿದಿದ್ದರೆ ಹೊಟ್ಟೆ ಸೀಳುವಾಗ ಕರುಳಿಗೆ ಚುಚ್ಚುವ ಭಯ ಕಡಿಮೆ. ಈ 'ಡ್ರಾಪ್ ಪಾಯಿಂಟ್' ವಿನ್ಯಾಸವನ್ನು ಬೇಟೆಗಾರರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್. ಬಾಗಿದ ಬಾಯಿಯ ಗುಟ್ಟು ಅದಕ್ಕೂ ಬಹಳ ಹಿಂದೆಯೇ ಆರ್ಕ್ಟಿಕ್‌ನ ಇನ್ಯುಯಿಟ್ ಹೆಂಗಸರಿಗೆ ಗೊತ್ತಿತ್ತು. ಅವರ 'ಉಲು' ಅರ್ಧಚಂದ್ರಾಕಾರದ್ದು, ಹಿಡಿ ಬಾಯಿಗೆ ನೇರವಾಗಿ ಮೇಲೆಯೇ ಇರುತ್ತದೆ, ಮಣಿಕಟ್ಟಿಗೆ ಆಯಾಸವಿಲ್ಲ.

ಉದ್ದ ಮೂರರಿಂದ ನಾಲ್ಕು ಇಂಚು ಸಾಕು. ಆರು ಇಂಚಿನ ಅಲಗು ನೋಡಲು ಭರ್ಜರಿ, ಆದರೆ ತೊಗಲಿನೊಳಗೆ ಮೊನೆ ಎಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ. ಬೆನ್ನಿನ ದಪ್ಪ 3 ಮಿಲಿಮೀಟರ್ ಇದ್ದರೂ ಬಾಯಿಯ ಹಿಂದೆ ಅರ್ಧ ಮಿಲಿಮೀಟರ್‌ನ ಆಸುಪಾಸಿಗೆ ಇಳಿದಿರಬೇಕು. ಕೊಡಲಿಯಂತೆ ದಪ್ಪವಿದ್ದರೆ ಎಷ್ಟು ಹರಿತ ಮಾಡಿದರೂ ಸಿಕ್ಕಿಕೊಳ್ಳುತ್ತದೆ. ಬೆನ್ನಿನ ಮೇಲೆ ಕೊಕ್ಕೆಯಿರುವ ಚಾಕು ಹೊಟ್ಟೆ ಸೀಳಲು ಅನುಕೂಲ ನಿಜ. ಆದರೆ ಕೊಕ್ಕೆಗೆ ಕೂದಲು ತುಂಬುತ್ತದೆ, ಅದನ್ನು ಮಸೆಯಲು ಸಣ್ಣ ದುಂಡು ಸಲಾಕೆ ಬೇರೆ ಬೇಕು. ಅದಿಲ್ಲದ ಅಲಗೇ ಒಳ್ಳೆಯದು. ಬದಲಾಯಿಸಬಹುದಾದ ಬ್ಲೇಡಿನ ಚಾಕುಗಳು ಶಸ್ತ್ರಚಿಕಿತ್ಸೆಯ ಚಾಕುವಿನಷ್ಟು ಹರಿತ, ತೊಗಲಿಗೆ ಹೇಳಿ ಮಾಡಿಸಿದಂತೆ. ಅದೇ ಬ್ಲೇಡನ್ನು ಕೀಲಿನಲ್ಲಿ ತೂರಿಸಿ ತಿರುಚಿದರೆ ಪಟ್ಟೆಂದು ಮುರಿದು ಚೂರು ಮಾಂಸದೊಳಗೆ ಉಳಿಯುತ್ತದೆ. ಕೀಲು ಬಿಡಿಸಲು ಗಟ್ಟಿ ಅಲಗೇ ಬೇಕು. ಹಿಡಿ ರಕ್ತ, ಕೊಬ್ಬು ಮೆತ್ತಿದಾಗಲೂ ಜಾರಬಾರದು. ಕಿತ್ತಳೆ ಬಣ್ಣದ್ದಾದರೆ ಎಲೆಗಳ ನಡುವೆ ಕಳೆದುಹೋಗುವುದಿಲ್ಲ.

ಇನ್ನು ಉಕ್ಕು. 1095 ಎಂಬ ಸಾದಾ ಉಕ್ಕಿನಲ್ಲಿ ಸುಮಾರು 0.95 ಶೇಕಡಾ ಇಂಗಾಲ. ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕೂ ಹಿಡಿಯುತ್ತದೆ. 420ಎಚ್‌ಸಿ ಸ್ಟೇನ್‌ಲೆಸ್, ಅಗ್ಗ, ಬೇಟೆ ಬೀಡಿನಲ್ಲೇ ಸುಲಭವಾಗಿ ಮಸೆಯಬಹುದು. ಎಸ್30ವಿ ಎಂಬ ಪುಡಿಲೋಹ ವಿಧಾನದ ಉಕ್ಕಿನಲ್ಲಿ 1.45 ಶೇಕಡಾ ಇಂಗಾಲ, 14 ಶೇಕಡಾ ಕ್ರೋಮಿಯಂ, 4 ಶೇಕಡಾ ವೆನೇಡಿಯಂ ಇರುತ್ತದೆ. ವೆನೇಡಿಯಂ ಇಂಗಾಲದೊಡನೆ ಕೂಡಿ ಮರಳಿಗಿಂತ ಎರಡು ಪಟ್ಟಿಗೂ ಹೆಚ್ಚು ಗಡಸಾದ ಕಾರ್ಬೈಡ್ ಕಣಗಳಾಗುತ್ತದೆ. ಮಣ್ಣು ತುಂಬಿದ ತೊಗಲಿನೆದುರು ಬಾಯಿ ಹೆಚ್ಚು ಹೊತ್ತು ನಿಲ್ಲುವುದು ಇವುಗಳಿಂದ. ವೆನೇಡಿಯಂಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ತಯಾರಿಸುತ್ತಿದ್ದುದನ್ನು ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800ರ ಪ್ರವಾಸದಲ್ಲಿ ಕಂಡು ದಾಖಲಿಸಿದ. ದಕ್ಷಿಣ ಭಾರತದ ಇಂಥ ಉಕ್ಕೇ ಪಶ್ಚಿಮ ಏಷ್ಯಾಕ್ಕೆ ಹೋಗಿ ಡಮಾಸ್ಕಸ್ ಕತ್ತಿಯಾಯಿತು. ಆ ಅಲಗುಗಳ ನೀರಲೆಯಂಥ ಗೆರೆಗಳಿಗೆ ಲೇಶಮಾತ್ರ ಬೆರೆತ ವೆನೇಡಿಯಂನಂಥ ಧಾತುಗಳು ಕಾರಣವೆಂದು ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ತಂಡ 1998ರಲ್ಲಿ ತೋರಿಸಿತು. ಅಂದು ಅದಿರಿನ ಜೊತೆ ತಾನಾಗಿ ಬಂದದ್ದನ್ನು ಇಂದು ತೂಗಿ ಹಾಕುತ್ತಾರೆ.

ಹೆಸರಿಗಿಂತ ಹದ ಮುಖ್ಯ. ಗಡಸುತನದ ಇನ್ನೊಂದು ಅಳತೆಯಾದ ರಾಕ್‌ವೆಲ್ ಸಿಯಲ್ಲಿ 58ರಿಂದ 61 ಈ ಕೆಲಸಕ್ಕೆ ಸರಿ. ಅದಕ್ಕಿಂತ ಮೆದುವಾದರೆ ಮೂಳೆಗೆ ತಾಗಿದ ಬಾಯಿ ಮಡಚುತ್ತದೆ, ತೀರಾ ಗಡಸಾದರೆ ಚಕ್ಕೆ ಏಳುತ್ತದೆ.

ಮಸೆಯುವಾಗ ಒಂದೊಂದು ಮಗ್ಗುಲಿಗೂ 20 ಡಿಗ್ರಿ ಕೋನ ಸಾಕು. ಕೋನ ಸರಿಯಿದೆಯೇ ಎಂದು ನೋಡಲು ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಉಜ್ಜಿ. ಬಣ್ಣ ಮೇಲ್ಗಡೆ ಮಾತ್ರ ಅಳಿಸಿದ್ದರೆ ಅಲಗನ್ನು ಕೊಂಚ ಎತ್ತಿ; ತುದಿಯಲ್ಲಿ ಮಾತ್ರ ಅಳಿಸಿದ್ದರೆ ತಗ್ಗಿಸಿ. ಒಂದು ಮಗ್ಗುಲನ್ನು ಉಜ್ಜುತ್ತಾ ಹೋದಂತೆ ಎದುರು ಮಗ್ಗುಲಲ್ಲಿ ಉಗುರಿಗೆ ತಡೆಯುವ ಸಣ್ಣ ಗರಿ ಏಳುತ್ತದೆ. ಅದು ಹಿಡಿಯಿಂದ ಮೊನೆವರೆಗೆ ಒಂದೇ ಸಮ ಎದ್ದ ಮೇಲೆಯೇ ಮಗ್ಗುಲು ಬದಲಿಸಬೇಕು. ಬಹಳ ಜನ ತಾಳ್ಮೆಗೆಡುವುದು ಇಲ್ಲಿಯೇ. ಕೊನೆಗೆ ಚಕ್ಕಳದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದು ಗರಿ ತೆಗೆಯಿರಿ. ಕನ್ನಡಿಯಂಥ ನುಣುಪು ಬೇಡ. 600 ನಂಬರಿನ ಕಲ್ಲು ಬಿಡುವ ಸೂಕ್ಷ್ಮ ಹಲ್ಲುಗಳು ತೊಗಲಿನ ನಾರನ್ನು ಚೆನ್ನಾಗಿ ಕಚ್ಚುತ್ತವೆ. ಎಸ್30ವಿಯಂಥ ಉಕ್ಕಿಗೆ ವಜ್ರದ ಪುಡಿ ಕೂರಿಸಿದ ಪಟ್ಟಿಯೇ ಬೇಕು. ಸಾಮಾನ್ಯ ಮಸೆಗಲ್ಲಿನ ಅಲ್ಯೂಮಿನಿಯಂ ಆಕ್ಸೈಡ್ ವೆನೇಡಿಯಂ ಕಾರ್ಬೈಡ್‌ಗಿಂತ ಮೆದು.

ರಕ್ತದಲ್ಲಿ ಉಪ್ಪಿದೆ. ಅದರ ಕ್ಲೋರೈಡ್ ಸ್ಟೇನ್‌ಲೆಸ್ ಉಕ್ಕಿನಲ್ಲೂ ಸೂಜಿಮೊನೆಯಂಥ ಕುಳಿ ಕೊರೆಯುತ್ತದೆ. ಅಂದಂದೇ ಬಿಸಿನೀರು, ಸೋಪಿನಲ್ಲಿ ತೊಳೆದು ಒರೆಸಿಡಿ.

ಜಿಂಕೆ, ಎಲ್ಕ್‌ಗಳಿಗೆ ಬರುವ, ಮಿದುಳನ್ನು ಕೆಡಿಸಿ ಮೈ ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ ಮೊದಲು ಗುರುತಾದದ್ದು 1967ರಲ್ಲಿ, ಕೊಲರಾಡೊದಲ್ಲಿ. ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಕುದಿಸಿದರೂ ಸಾಯುವಂಥದ್ದಲ್ಲ. ಮನುಷ್ಯರಿಗೆ ತಗುಲಿದ್ದು ದೃಢಪಟ್ಟಿಲ್ಲವಾದರೂ ಆ ರೋಗವಿರುವ ಪ್ರದೇಶದಲ್ಲಿ ಕೈಗವಸು ಹಾಕಿ, ಮಿದುಳು, ಬೆನ್ನುಹುರಿಗೆ ಅಲಗು ತಾಗಿಸಬೇಡಿ. ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯದ 2019ರ ಅಧ್ಯಯನದ ಪ್ರಕಾರ 40 ಪಾಲು ಮನೆಬಳಕೆಯ ಬ್ಲೀಚು, 60 ಪಾಲು ನೀರಿನ ದ್ರಾವಣದಲ್ಲಿ ಐದು ನಿಮಿಷ ಮುಳುಗಿಸಿದರೆ ಉಕ್ಕಿನ ಮೇಲಿನ ಪ್ರಿಯಾನ್ ನಿಷ್ಕ್ರಿಯವಾಗುತ್ತದೆ. ಬ್ಲೀಚು ಮಾಂಸದ ಚೂರಿನೊಳಗೆ ಇಳಿಯದು. ಆದ್ದರಿಂದ ಮೊದಲು ಬ್ರಷ್‌ನಿಂದ ಉಜ್ಜಿ, ಹಿಡಿ ಮತ್ತು ಅಲಗಿನ ಸಂದಿಯನ್ನೂ ಬಿಡದೆ. ಆಮೇಲೆ ಧಾರಾಳ ನೀರಿನಲ್ಲಿ ತೊಳೆಯದಿದ್ದರೆ ಬ್ಲೀಚೇ ಅಲಗನ್ನು ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆ ತಿನ್ನಲು ಯೋಗ್ಯವಾದ ಮಿನರಲ್ ಎಣ್ಣೆಯನ್ನು ತೆಳ್ಳಗೆ ಸವರಿ ಚಾಕುವನ್ನು ಚಕ್ಕಳದ ಒರೆಯ ಹೊರಗಿಡಿ. ಒರೆ ಗಾಳಿಯ ತೇವವನ್ನು ಹೀರಿ, ಮುಂದಿನ ಬೇಟೆಯ ಕಾಲದವರೆಗೂ ಅಲಗಿಗೆ ತಾಗಿಸಿ ಇಟ್ಟಿರುತ್ತದೆ.