ಹಂಪಿ: ಕಲ್ಲಿಗೆ ಕಾವಲುಂಟು, ಊರಿಗೆ?

ಹಂಪಿಯ ಸ್ಮಾರಕಗಳಲ್ಲಿ ಕೆಲವು ಕೇಂದ್ರದ ಪುರಾತತ್ವ ಸರ್ವೇಕ್ಷಣೆಗೆ ಸೇರಿದ್ದರೆ, ಉಳಿದ ಹಲವು ರಾಜ್ಯ ಪುರಾತತ್ವ ಇಲಾಖೆಗೆ ಸೇರಿವೆ. ವಿರೂಪಾಕ್ಷನ ಪೂಜೆ ಮುಜರಾಯಿಯದು. ಇಷ್ಟಲ್ಲದೆ 29 ಹಳ್ಳಿಗಳ 236 ಚದರ ಕಿಲೋಮೀಟರ್ ನೆಲಕ್ಕೆ ಹಂಪಿ ಪ್ರಾಧಿಕಾರವಿದೆ, ಗ್ರಾಮ ಪಂಚಾಯಿತಿಯೂ ಇದೆ. ಅಲ್ಲಿ ಒಂದು ತಗಡಿನ ಚಪ್ಪರ ಹಾಕುವವನು ಯಾರ ಬಾಗಿಲು ತಟ್ಟಬೇಕು ಎಂಬುದೇ ದೊಡ್ಡ ಪ್ರಶ್ನೆ.

1565ರ ರಕ್ಕಸತಂಗಡಿ ಕದನದ ಬಳಿಕ ವಿಜಯನಗರದ ಈ ರಾಜಧಾನಿ ಹಾಳಾಯಿತು, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ಅದರ ಫೋಟೊ ತೆಗೆದ, 1986ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟೂ ಕಾಲ ವಿರೂಪಾಕ್ಷನ ತೇರು ಎಳೆಯುವವರು, ಬಾಳೆ ಬೆಳೆಯುವವರು ಅಲ್ಲೇ ಇದ್ದರು. ‘ಹಾಳು ಹಂಪಿ’ ಎನ್ನುವ ಮಾತು ರೂಢಿಯಾಗಿ, ಇವರು ನಮ್ಮ ಕಣ್ಣಿಗೆ ಬೀಳದೇ ಹೋದರು.

ಗಲಾಟೆ ಶುರುವಾದದ್ದು ಸೇತುವೆಯಿಂದ. ಹರಿಗೋಲಿನಲ್ಲೇ ತುಂಗಭದ್ರಾ ಹೊಳೆ ದಾಟುತ್ತಿದ್ದ ಆಚೆ ದಡದ ಆನೆಗೊಂದಿಯವರಿಗೆ ಸೇತುವೆ ಬೇಕೇ ಇತ್ತು. ಆದರೆ ಸ್ಮಾರಕಗಳ ನಡುವೆ ಕಾಂಕ್ರೀಟು ಎದ್ದಾಗ, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು. 2002ರಲ್ಲಿ ಪ್ರಾಧಿಕಾರದ ಕಾಯಿದೆ ಬಂತು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಸೇತುವೆ ಮಾತ್ರ ದಡ ಮುಟ್ಟಲಿಲ್ಲ. 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿದು ಕೂಲಿಕಾರರ ಜೀವ ತೆಗೆಯಿತು.

ಆಮೇಲೆ ಬಜಾರು. ವಿರೂಪಾಕ್ಷನ ಗುಡಿಯ ಮುಂದಿನ ತೇರುಬೀದಿಯ ಎರಡೂ ಬದಿಗೆ ಸಾಲುಮಂಟಪಗಳಿವೆ. ಅವುಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಮುನ್ನೂರರಷ್ಟು ಕುಟುಂಬಗಳು ಬದುಕುತ್ತಿದ್ದವು. ಬಾಳೆಹಣ್ಣು, ಇಡ್ಲಿ, ಬಾಡಿಗೆ ಕೋಣೆ, ಸೈಕಲ್ಲು, ಎಲ್ಲವೂ ಅಲ್ಲೇ ಸಿಗುತ್ತಿದ್ದವು. ಕಂಬಕ್ಕೆ ಸುಣ್ಣ ಬಳಿದದ್ದು, ಮಂಟಪದ ಮೇಲೆ ಮಹಡಿ ಏರಿಸಿದ್ದು ನಿಜ. ಕಲ್ಲಿಗೆ ಅದರಿಂದ ಪೆಟ್ಟಾಗಿತ್ತು. ಕಾನೂನಿನ ಲೆಕ್ಕದಲ್ಲಿ ಅದು ಒತ್ತುವರಿ. 2011ರ ಜುಲೈ ಕೊನೆಯಲ್ಲಿ ಜೆಸಿಬಿಗಳು ಬಂದವು. ಸಾಮಾನು ಹೊರಗೆ ತರಲೂ ಜನರಿಗೆ ಪುರುಸೊತ್ತು ಸಿಗಲಿಲ್ಲ. ಬದಲಿ ನಿವೇಶನ ಕಡ್ಡಿರಾಂಪುರದಲ್ಲಿ. ಯಾತ್ರಿಕರು ತಿರುಗಾಡುವ ಬೀದಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದವರಿಗೆ ಅದು ಬಲು ದೂರ.

ಇಲ್ಲಿ ಒಂದು ಮಾತು ಹೇಳಲೇಬೇಕು. 1520ರ ಆಸುಪಾಸಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಈ ಗುಡಿಯ ಎದುರಿನ ಬೀದಿಯಲ್ಲಿ ಚೆಂದದ ಮನೆಗಳನ್ನೂ ಯಾತ್ರಿಕರು ತಂಗುವ ಮೊಗಸಾಲೆಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಜನ ತುಂಬಿದ್ದ ಬೀದಿ ಅದು. ಅದನ್ನು ಖಾಲಿ ಮಾಡಿ ‘ಮೂಲ ರೂಪಕ್ಕೆ ತಂದೆವು’ ಎಂದರೆ ಒಪ್ಪುವುದು ಕಷ್ಟ.

2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ನೆಲಕ್ಕುರುಳಿದವು. ಆ ಪ್ರದೇಶ ರಕ್ಷಿತವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದ್ದು 1988ರಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ಅಲ್ಲಿ ಒಂದು ಪೇಟೆಯೇ ಬೆಳೆದಿತ್ತು.

2024ರ ಮೇ ತಿಂಗಳ ಮಳೆಗೆ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಬಜಾರು ತೆರವಾಗಿ ಆಗ ಹದಿಮೂರು ವರ್ಷ ತುಂಬುತ್ತಿತ್ತು.