ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಬೇಕು ಅಂದವರು ಯಾರು?

“ಕ್ಲಾಸಿನಲ್ಲಿ ಬೈಬಲಿನ ದಶಾಜ್ಞೆಗಳ ಒಂದು ಪೋಸ್ಟರ್ ಹಾಕಿದರೆ ಏನಾಯ್ತು ಬಿಡಿ ಸಾರ್? ಕೊಲೆ ಮಾಡಬೇಡ, ಕಳ್ಳತನ ಮಾಡಬೇಡ ಅಂತ ತಾನೇ ಇರೋದು?” ಟೆಕ್ಸಾಸಿನಲ್ಲಿ ವಕೀಲಿಕೆ ಮಾಡುವ ನನ್ನನ್ನು ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಹೀಗೆ ಕೇಳುತ್ತಾರೆ. ಇನ್ನು ಕೆಲವರು “ಮಕ್ಕಳನ್ನ ಮತಾಂತರ ಮಾಡಿಬಿಡ್ತಾರಾ?” ಅಂತ ಗಾಬರಿಯಾಗಿರುತ್ತಾರೆ. ಇಬ್ಬರಿಗೂ ನಾನು ಮೊದಲು ಹೇಳುವುದು ಒಂದೇ. ಧರ್ಮದಿಂದ ಸರ್ಕಾರ ದೂರ ಇರಬೇಕೇ ಅನ್ನುವ ಈ ಜಗಳ ಹುಟ್ಟಿದ್ದು ಕ್ರೈಸ್ತರ ಮನೆಯೊಳಗೇ.

2025ರಲ್ಲಿ ಟೆಕ್ಸಾಸ್ ಮಾಡಿದ ಕಾನೂನನ್ನು ಒಮ್ಮೆ ಓದಿ. ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ದಶಾಜ್ಞೆಗಳ, ಅಂದರೆ ದೇವರು ಕೊಟ್ಟ ಹತ್ತು ಆಜ್ಞೆಗಳ, ಪೋಸ್ಟರ್ ಇರಬೇಕು. ಕಡಿಮೆ ಅಂದರೂ 16 ಇಂಚು ಅಗಲ, 20 ಇಂಚು ಎತ್ತರ. ಯಾವ ಮೂಲೆಯಲ್ಲಿ ಕೂತರೂ ಓದಲು ಬರಬೇಕು. ಅದರಲ್ಲಿರಬೇಕಾದ ಮಾತುಗಳನ್ನೂ ಕಾನೂನೇ ಬರೆದುಕೊಟ್ಟಿದೆ. ಕೊಲೆ, ಕಳ್ಳತನದ ಮಾತು ಬರುವುದು ಆಮೇಲೆ. ಶುರುವಾಗುವುದು ನಾನೇ ನಿನ್ನ ದೇವರು, ನನ್ನ ಹೊರತು ನಿನಗೆ ಬೇರೆ ದೇವರುಗಳು ಇರಬಾರದು ಅಂತ. ಅದರ ಬೆನ್ನಿಗೇ ವಿಗ್ರಹ ಮಾಡಿಕೊಳ್ಳಬಾರದು. ಬೆಳಿಗ್ಗೆ ಗಣಪತಿಗೆ ಕೈಮುಗಿದು ಶಾಲೆಗೆ ಹೋಗುವ ಮಗು ಇದನ್ನು ದಿನಾ ಓದುತ್ತದೆ. ಅದೂ ಸರ್ಕಾರವೇ ಹೇಳಿದ ಮಾತಾಗಿ.

ಸರಿ, ಕ್ರೈಸ್ತರಿಗಾದರೂ ಇದು ಒಪ್ಪಿಗೆಯೇ? ಕ್ಯಾಥೊಲಿಕರ ಲೆಕ್ಕದಲ್ಲಿ ವಿಗ್ರಹದ ಮಾತು ಬೇರೆ ಆಜ್ಞೆಯಲ್ಲ, ಮೊದಲನೆಯದರಲ್ಲೇ ಸೇರಿದೆ. ಪರರ ಹೆಂಡತಿಗೆ ಆಸೆಪಡುವುದು, ಪರರ ಸೊತ್ತಿಗೆ ಆಸೆಪಡುವುದು ಅವರಿಗೆ ಎರಡು ಬೇರೆ ಆಜ್ಞೆಗಳು. ಯಹೂದಿಗಳಿಗೆ ಮೊದಲ ಮಾತೇ ಈಜಿಪ್ಟಿನ ಗುಲಾಮಗಿರಿಯಿಂದ ದೇವರು ಬಿಡಿಸಿ ತಂದದ್ದು. ಪೋಸ್ಟರಿನಲ್ಲಿ ಆ ಬಿಡುಗಡೆಯ ಮಾತೇ ಇಲ್ಲ. ಯಾರ ಪಾಠ ಸರಿ ಅಂತ ಯಾರೋ ತೀರ್ಮಾನ ಮಾಡಬೇಕಲ್ಲ. ಮಾಡಿದ್ದು ಶಾಸನಸಭೆ. ನನಗೆ ತೀರಾ ಕಸಿವಿಸಿಯಾಗುವುದು ಇಲ್ಲೇ. ಯಾರದೇ ಧರ್ಮಗ್ರಂಥವನ್ನು ತಿದ್ದುವ ಅಧಿಕಾರ ಶಾಸಕರ ಕೈಗೆ ಹೋಗಬಾರದು.

ಇಂಥದ್ದು ಅಮೆರಿಕದಲ್ಲಿ ಮೊದಲೇ ನಡೆದುಹೋಗಿದೆ. 1844ರಲ್ಲಿ ಫಿಲಡೆಲ್ಫಿಯಾದ ಸರ್ಕಾರಿ ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಬೈಬಲ್ ಓದಿಸುತ್ತಿದ್ದರು. ನಮ್ಮ ಮಕ್ಕಳು ನಮ್ಮ ಬೈಬಲ್ ಓದಲಿ ಅಂತ ಕ್ಯಾಥೊಲಿಕರು ಕೇಳಿದರು. ಆ ಸಿಟ್ಟೂ ವಲಸೆಗಾರರ ಮೇಲಿದ್ದ ದ್ವೇಷವೂ ಸೇರಿ ದಂಗೆಯಾಯಿತು. ಜನ ಸತ್ತರು, ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು.

ಅದಕ್ಕೂ ಹಿಂದೆ ಹೋದರೆ ವರ್ಜೀನಿಯಾ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಆಂಗ್ಲಿಕನ್ ಚರ್ಚೇ ಸರ್ಕಾರದ ಚರ್ಚು. ಪರವಾನಗಿ ಇಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಅನ್ನುವ ಇನ್ನೊಂದು ಕ್ರೈಸ್ತ ಪಂಗಡದ ಪಾದ್ರಿಗಳನ್ನು ಜೈಲಿಗೆ ಹಾಕುತ್ತಿದ್ದರು. ಪಕ್ಕದ ಕೌಂಟಿಯಲ್ಲಿ ಐದಾರು ಮಂದಿ ಹೀಗೆ ಬಂಧನದಲ್ಲಿದ್ದಾರೆ ಅಂತ 1774ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್ ಗೆಳೆಯನಿಗೆ ನೊಂದು ಬರೆದ. ಹತ್ತು ವರ್ಷದ ನಂತರ ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ ಕ್ರೈಸ್ತ ಬೋಧಕರಿಗಾಗಿ ತೆರಿಗೆ ಎತ್ತುವ ಮಸೂದೆ ತಂದ. 1785ರಲ್ಲಿ ಮ್ಯಾಡಿಸನ್ ಅದನ್ನು ವಿರೋಧಿಸಿ ಮನವಿ ಬರೆದ. ಇವತ್ತು ಬೇರೆ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮವನ್ನು ಎತ್ತಿಹಿಡಿಯುವ ಸರ್ಕಾರ, ನಾಳೆ ಬೇರೆ ಪಂಗಡಗಳನ್ನು ಬಿಟ್ಟು ಒಂದೇ ಕ್ರೈಸ್ತ ಪಂಗಡವನ್ನು ಎತ್ತಿಹಿಡಿಯಬಹುದು ಅನ್ನುವುದು ಅವನ ವಾದ. ಮಸೂದೆ ಬಿತ್ತು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು, ಯಾರ ಧರ್ಮಾಚರಣೆಯನ್ನೂ ತಡೆಯಬಾರದು ಅನ್ನುವ ಅಮೆರಿಕ ಸಂವಿಧಾನದ 1791ರ ಮೊದಲ ತಿದ್ದುಪಡಿಯ ಹಿಂದೆ ಈ ಅನುಭವವೆಲ್ಲ ಇದೆ.

“ಗೋಡೆ” ಅನ್ನುವ ಮಾತು ಬಂದದ್ದೂ ಬ್ಯಾಪ್ಟಿಸ್ಟರಿಂದಾಗಿಯೇ. ಕನೆಕ್ಟಿಕಟ್‌ನಲ್ಲಿ ಕಾಂಗ್ರಿಗೇಷನಲ್ ಚರ್ಚಿಗೆ ತೆರಿಗೆ ಕೊಡಬೇಕಿತ್ತು. ತಪ್ಪಿಸಿಕೊಳ್ಳಲು ಬೇರೆ ಪಂಗಡದವರು ಸರ್ಟಿಫಿಕೇಟ್ ತಂದು ಒಪ್ಪಿಸಬೇಕು. ನಮ್ಮ ಭಕ್ತಿ ನಮ್ಮ ಹಕ್ಕು, ನೀವು ಕೊಡುವ ಕೃಪೆಯಲ್ಲ ಅಂತ ನೊಂದುಕೊಂಡು ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟರು ಅಧ್ಯಕ್ಷ ಜೆಫರ್ಸನ್‌ಗೆ ಬರೆದರು. ಅವರಿಗೆ 1802ರ ಜನವರಿ 1ರಂದು ಬರೆದ ಉತ್ತರದಲ್ಲೇ ಜೆಫರ್ಸನ್ ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆಯ ಮಾತಾಡಿದ್ದು. ಅದೇ ದಿನ ಮ್ಯಾಸಚೂಸೆಟ್ಸ್‌ನ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಲೆಲ್ಯಾಂಡ್ ತಮ್ಮ ಊರಿನವರು ಮಾಡಿದ 1,235 ಪೌಂಡ್ ತೂಕದ ಚೀಸ್ ತಂದು ಜೆಫರ್ಸನ್‌ಗೆ ಉಡುಗೊರೆ ಕೊಟ್ಟರು. ದೇವರ ವಿಷಯದಲ್ಲಿ ಸರ್ಕಾರ ತಲೆಹಾಕಬಾರದು ಅನ್ನುವ ಅಧ್ಯಕ್ಷನ ಮೇಲೆ ಭಕ್ತರಿಗಿದ್ದ ಪ್ರೀತಿ ಅದು.

‘ಕ್ರೈಸ್ತ ರಾಷ್ಟ್ರವಾದ’ ಅನ್ನುವ ಸಿದ್ಧಾಂತ ಈ ಕತೆಯನ್ನು ಬದಿಗಿಡುತ್ತದೆ. ಅಮೆರಿಕ ಕ್ರೈಸ್ತ ರಾಷ್ಟ್ರವಾಗಿಯೇ ಹುಟ್ಟಿತು, ಸರ್ಕಾರ ಅದನ್ನು ಹಾಗೆಯೇ ಕಾಪಾಡಬೇಕು ಅನ್ನುವುದು ಅದರ ವಾದ. ಆದರೆ ಅಮೆರಿಕದ ಸಂವಿಧಾನದಲ್ಲಿ ದೇವರ ಹೆಸರಿಲ್ಲ. ಕೊನೆಗೆ ತಾರೀಖು ಹಾಕುವಾಗ ‘ನಮ್ಮ ಪ್ರಭುವಿನ ವರ್ಷ’ ಅನ್ನುವ ಆ ಕಾಲದ ವಾಡಿಕೆಯ ಮಾತಿದೆ, ಅಷ್ಟೆ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಅಂತ 6ನೇ ವಿಧಿ ಹೇಳುತ್ತದೆ. ಶಾಲೆಗಳಲ್ಲಿ ಹೇಳಿಸುವ ರಾಷ್ಟ್ರಧ್ವಜದ ಪ್ರತಿಜ್ಞೆಯಲ್ಲಿ ದೇವರ ಹೆಸರು ಸೇರಿದ್ದು 1954ರಲ್ಲಿ, ಕಮ್ಯುನಿಸ್ಟರ ಭಯದ ಕಾಲದಲ್ಲಿ.

ನಮ್ಮ ಜನಕ್ಕೆ ಈ ಗೋಡೆ ವಿಚಿತ್ರ ಅನಿಸುವುದು ಸಹಜ. ಕರ್ನಾಟಕದಲ್ಲಿ ದೇವಸ್ಥಾನ ನೋಡಿಕೊಳ್ಳಲು ಸರ್ಕಾರದ ಮುಜರಾಯಿ ಇಲಾಖೆಯೇ ಇದೆಯಲ್ವಾ. ಇಲ್ಲಿ ಅಂಥ ಇಲಾಖೆ ಕನಸಿನಲ್ಲೂ ಸಾಧ್ಯವಿಲ್ಲ.

ಹಾಗಾದರೆ ಈ ಕಾನೂನು ಈಗ ಯಾಕೆ ಬಂತು? ಕೆಂಟಕಿ ರಾಜ್ಯದ ಇಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟು 1980ರಲ್ಲಿ 5–4ರಿಂದ ರದ್ದು ಮಾಡಿತ್ತು. 2022ರಲ್ಲಿ ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಪ್ರಾರ್ಥಿಸುತ್ತಿದ್ದ ಫುಟ್‌ಬಾಲ್ ಕೋಚ್ ಒಬ್ಬರ ಪರವಾಗಿ ಅದೇ ಕೋರ್ಟು 6–3ರಿಂದ ತೀರ್ಪು ಕೊಟ್ಟಿತು. ಕಾನೂನಿನ ಉದ್ದೇಶ ಧಾರ್ಮಿಕವೇ ಅಂತ ನೋಡುತ್ತಿದ್ದ, ಕೆಂಟಕಿ ತೀರ್ಪಿಗೆ ಆಧಾರವಾಗಿದ್ದ ಹಳೆಯ ಅಳತೆಗೋಲನ್ನು ಬಿಟ್ಟು, ಇನ್ನು ಇತಿಹಾಸ, ಪರಂಪರೆ ನೋಡಬೇಕು ಅಂದಿತು. ಬಾಗಿಲು ತೆರೆಯಿತು ಅಂತ ರಾಜ್ಯಗಳು ಅಂದುಕೊಂಡವು. 2024ರಲ್ಲಿ ಲೂಯಿಸಿಯಾನ, ಮರುವರ್ಷ ಟೆಕ್ಸಾಸ್. ಎರಡೂ ಕಾನೂನುಗಳು ಕೋರ್ಟಿನ ಮೆಟ್ಟಿಲೇರಿವೆ. ಟೆಕ್ಸಾಸಿನ ಅರ್ಜಿದಾರರಲ್ಲಿ ಹಿಂದೂ, ಯಹೂದಿ ಕುಟುಂಬಗಳ ಜೊತೆ ಕ್ರೈಸ್ತ ಕುಟುಂಬಗಳೂ ಇವೆ.

ಮತಾಂತರದ ಗಾಬರಿಗೆ ಇಷ್ಟು ಹೇಳುತ್ತೇನೆ. ನಿಮ್ಮ ಮಗು ವಿಭೂತಿ ಇಟ್ಟುಕೊಂಡು ಹೋಗಬಹುದು, ಊಟದ ಮುಂಚೆ ಶ್ಲೋಕ ಹೇಳಿಕೊಳ್ಳಬಹುದು. ಪಕ್ಕದ ಮಗು ಯೇಸುವಿಗೆ ಪ್ರಾರ್ಥಿಸಬಹುದು. ಅದು ಇಬ್ಬರ ಹಕ್ಕೂ ಹೌದು. ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಕಲಿಸಿದರೂ ತಪ್ಪಿಲ್ಲ. ಟೀಚರ್ ನಿಂತು ಇಡೀ ಕ್ಲಾಸಿನಿಂದ ಪ್ರಾರ್ಥನೆ ಮಾಡಿಸಿದರೆ ಮಾತ್ರ ತಾರೀಖು ಸಮೇತ ಬರೆದಿಟ್ಟುಕೊಂಡು ಪ್ರಿನ್ಸಿಪಾಲರಿಗೆ ಪತ್ರ ಕೊಡಿ. ಪೋಸ್ಟರಿನ ವಿಷಯಕ್ಕೆ ಟೀಚರ್ ಮೇಲೆ ರೇಗಬೇಡಿ, ಅದು ಅವರ ತೀರ್ಮಾನ ಅಲ್ಲ. ಸ್ಕೂಲ್ ಬೋರ್ಡಿನ ಸಭೆಯಲ್ಲಿ ಜನ ಮಾತಾಡಲು ಸಮಯ ಇಟ್ಟಿರುತ್ತಾರೆ. ಹೆಸರು ಬರೆಸಿ. ಹೋಗುವ ಮುಂಚೆ ನಿಮ್ಮ ಬಡಾವಣೆಯ ಬ್ಯಾಪ್ಟಿಸ್ಟ್ ಪಾದ್ರಿಯನ್ನು ಕಂಡು, ನಮ್ಮ ಜೊತೆ ನೀವೂ ಬರ್ತೀರಾ ಅಂತ ಕೇಳಿ.