ಮಾಸ್ಕ್ ಧರಿಸುವುದರ ಹಿಂದಿನ ಪ್ರೇರಣೆ: ಆರೋಗ್ಯ ಮನೋವಿಜ್ಞಾನದ ಟಿಪ್ಪಣಿ

ಮನೋವಿಜ್ಞಾನವು ವ್ಯಕ್ತಿತ್ವವನ್ನು ಅಳೆಯುವ ಐದು ಅಂಶಗಳ ಪೈಕಿ ಕರ್ತವ್ಯಪ್ರಜ್ಞೆ ಮತ್ತು ಸೌಹಾರ್ದಗುಣಗಳಿಗೆ ಆರೋಗ್ಯ ಮಾರ್ಗಸೂಚಿಗಳ ಪಾಲನೆಯೊಂದಿಗೆ ನಂಟಿದೆಯೆಂದು ಕೋವಿಡ್ ಕಾಲದ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಆ ನಂಟು ಅಷ್ಟೇನೂ ಬಲವಾದದ್ದಲ್ಲ. ಆದ್ದರಿಂದ ಗುಣವನ್ನು ಮಾತ್ರ ಓದಿಕೊಂಡರೆ ಸಾಲದು, ಪ್ರೇರಣೆಯನ್ನೂ ಓದಬೇಕು.

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸ್ವನಿರ್ಧಾರ ಸಿದ್ಧಾಂತವು ಪ್ರೇರಣೆಯನ್ನು ಹೊರಗಿನ ಒತ್ತಡದಿಂದ ಸ್ವಂತ ಇಚ್ಛೆಯವರೆಗೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸುತ್ತದೆ. ಮೊದಲ ಮೆಟ್ಟಿಲು ಸುಲಭ. ಕೋವಿಡ್ ಕಾಲದ ಬೆಂಗಳೂರಿನಲ್ಲಿ ದಂಡ ಹಾಕುವ ಮಾರ್ಷಲ್‌ಗಳು ಕಂಡೊಡನೆ ಗದ್ದದ ಮೇಲಿದ್ದ ಮಾಸ್ಕ್ ಮೂಗಿಗೇರುತ್ತಿದ್ದುದು ಬಾಹ್ಯ ಪ್ರೇರಣೆ. ದಂಡವೂ ಹೊರಗಿನ ಒತ್ತಡವೇ ಆದ್ದರಿಂದ, 2020ರ ಅಕ್ಟೋಬರ್‌ನಲ್ಲಿ ಕರ್ನಾಟಕದ ನಗರ ಪ್ರದೇಶಗಳಲ್ಲಿ ಮಾಸ್ಕ್ ಹಾಕದವರ ದಂಡವನ್ನು 1,000 ರೂಪಾಯಿಯಿಂದ 250ಕ್ಕೆ ಇಳಿಸಿದ್ದನ್ನೂ ಇಲ್ಲಿಯೇ ಸೇರಿಸಿ ಓದಬಹುದು.

ಕಷ್ಟವಿರುವುದು ಮುಂದಿನ ಎರಡು ಮೆಟ್ಟಿಲುಗಳಲ್ಲಿ. ಒಳಸೇರಿದ ಒತ್ತಡ (ನಾಚಿಕೆ, ಅಪರಾಧಿ ಭಾವಗಳಿಂದ ಪಾಲಿಸುವುದು) ಮತ್ತು ಮನಗಂಡ ಉದ್ದೇಶ (ನಿಯಮ ಏಕೆ ಬೇಕೆಂದು ಒಪ್ಪಿ ಪಾಲಿಸುವುದು), ಎರಡೂ ಯಾರೂ ನೋಡದಿದ್ದಾಗಲೂ ಕೆಲಸ ಮಾಡುತ್ತವೆ. ಹಾಗಾಗಿ ‘ಯಾರೂ ಇಲ್ಲದಿದ್ದರೆ ಮಾಡುತ್ತಾನೆಯೇ?’ ಎಂಬ ಪ್ರಶ್ನೆ ಇವೆರಡನ್ನು ಬೇರ್ಪಡಿಸುವುದಿಲ್ಲ. ನನಗೆ ನೆರವಾಗುವ ಪ್ರಶ್ನೆ ಬೇರೆ: ನಿಯಮ ತಪ್ಪಿದಾಗ ಆತನ ಗಮನ ತನ್ನ ಮರ್ಯಾದೆಯ ಕಡೆಗೆ ಹೋಗುತ್ತದೆಯೋ, ಎದುರಿನವರ ಕ್ಷೇಮದ ಕಡೆಗೆ ಹೋಗುತ್ತದೆಯೋ? ಸಕ್ಕರೆ ಕಾಯಿಲೆಯಿರುವ ಅಜ್ಜಿಯನ್ನು ನೋಡಲು ಹೊರಟವನು ಮಾಸ್ಕ್ ಮರೆತು ಬಂದಿದ್ದಾನೆ ಎಂದುಕೊಳ್ಳಿ. ಒಳಸೇರಿದ ಒತ್ತಡದಿಂದ ನಡೆಯುವವನು ‘ನನ್ನಂಥವನು ಹೀಗೆ ಮಾಡಬಹುದೇ’ ಎಂದು ಒಳಗೊಳಗೇ ಕುಗ್ಗಿ, ಮರೆತದ್ದು ಯಾರಿಗೂ ತಿಳಿಯದಿರಲೆಂದು ಸುಮ್ಮನೆ ಒಳಗೆ ಹೋಗಿಬಿಡಬಹುದು. ಉದ್ದೇಶ ಮನಗಂಡವನು ಜಗಲಿಯಲ್ಲೇ ನಿಂತು, ‘ಅಜ್ಜಿ, ಒಂದು ಟವೆಲ್ ಕೊಡಿಸಿ, ಮುಖಕ್ಕೆ ಕಟ್ಟಿಕೊಂಡು ಬರುತ್ತೇನೆ’ ಎನ್ನುತ್ತಾನೆ. ಉದ್ದೇಶವನ್ನು ಮನಗಂಡವನಿಗೆ ಸಾಧನ ಬದಲಾದರೂ ದಾರಿ ತಪ್ಪುವುದಿಲ್ಲ. ಅಪರಾಧಿ ಭಾವದಿಂದ ನಡೆಯುವವನು ತಪ್ಪನ್ನು ಮುಚ್ಚಿಡುವುದರಲ್ಲೇ ಶಕ್ತಿ ಕಳೆಯುತ್ತಾನೆ. ಕರ್ತವ್ಯಪ್ರಜ್ಞೆಯುಳ್ಳವನು ಈ ಎರಡರಲ್ಲಿ ಯಾವ ಮೆಟ್ಟಿಲಿನಲ್ಲಾದರೂ ಇರಬಹುದು ಎಂಬುದೇ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ. ಗುಣವು ಎಷ್ಟು ಶಿಸ್ತಿನಿಂದ ಪಾಲಿಸುತ್ತಾನೆಂದು ಹೇಳುತ್ತದೆ, ಯಾತಕ್ಕಾಗಿ ಎಂದು ಹೇಳುವುದಿಲ್ಲ.

ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲಿ ಮಂಡಿಸಿದ ಪ್ರತಿರೋಧ ಸಿದ್ಧಾಂತವನ್ನು ಇದರ ಜೊತೆಗಿಡಬೇಕು: ಸ್ವಾತಂತ್ರ್ಯಕ್ಕೆ ಕುತ್ತು ಬಂತೆಂದು ಅನಿಸಿದಾಗ ಜನರು ನಿಷೇಧಿಸಿದ್ದನ್ನೇ ಬಯಸತೊಡಗುತ್ತಾರೆ. ಆದ್ದರಿಂದ ‘ಹಾಕದಿದ್ದರೆ ದಂಡ’ ಎನ್ನುವ ಬದಲು ಆಶಾ ಕಾರ್ಯಕರ್ತೆಯು, ಮಾಸ್ಕ್ ಹಾಕಿದವರಿಗೆ ಉಸಿರುಗಟ್ಟಿದಂತಾಗುವುದು ನಿಜವೆಂದು ಮೊದಲು ಒಪ್ಪಿ, ಮಾಸ್ಕ್ ಏಕೆ ಬೇಕೆಂದು ವಿವರಿಸಿ, ಬಟ್ಟೆಯದೋ ಸರ್ಜಿಕಲ್ಲೋ ಎಂಬ ಆಯ್ಕೆಯನ್ನು ಮನೆಯವರಿಗೇ ಬಿಟ್ಟರೆ, ಮನಗಂಡ ಉದ್ದೇಶವೆಂಬ ಮೂರನೆಯ ಮೆಟ್ಟಿಲು ಹತ್ತಿರವಾಗುತ್ತದೆ.